ಹಡಗು ಕಾಣದವಳ ಓದುಗ

ಆಸ್ಪತ್ರೆಯಲ್ಲಿ ಆಕೆಯನ್ನು ಎಲ್ಲರೂ ಎಕ್ಸ್-ರೇ ಅಕ್ಕ ಎಂದೇ ಕರೆಯುತ್ತಿದ್ದರು. ಬೆಳಗ್ಗೆ ಎಂಟಕ್ಕೆ ಸೀಸದ ಏಪ್ರನ್ ತೊಟ್ಟರೆ ಸಂಜೆ ನಾಲ್ಕರವರೆಗೆ ಮುರಿದ ಮೊಣಕೈ, ಬಾತ ಮಂಡಿ, ಕಫ ಕಟ್ಟಿದ ಎದೆ. ಮನೆಗೆ ಬಂದು, ಕೈಕಾಲು ತೊಳೆದು, ಅಡುಗೆಮನೆಯ ಮೇಜಿನ ಮೇಲೆ ಕಾದಂಬರಿ ಬರೆಯಲು ಕೂರುತ್ತಿದ್ದಳು. ಎಲ್ಲವೂ ಸಮುದ್ರದ ಕಥೆಗಳು. ಒಂದು ಸರಕು ಹಡಗು, ಅದಕ್ಕೊಬ್ಬಳು ಹೆಣ್ಣು ಕಪ್ತಾನ. ಹಡಗು ಹತ್ತುವುದಿರಲಿ, ಆಕೆ ಸಮುದ್ರವನ್ನೇ ಕಂಡವಳಲ್ಲ. ಹೊಲಿಗೆ ಯಂತ್ರ ರಿಪೇರಿ ಮಾಡುವ ಗಂಡ ಇದನ್ನೇ ಹೇಳಿ ಹೇಳಿ ನಗುತ್ತಿದ್ದ.

ಮೊದಲ ಪುಸ್ತಕ ಬಂದ ತಿಂಗಳಿಗೇ ಒಬ್ಬ ಓದುಗನ ಪತ್ರ ಬಂತು. ಗುಂಡಗಿನ ಅಕ್ಷರ, ಎರಡು ಹಾಳೆ. ಹೊಗಳಿಕೆಯ ಒಂದು ಮಾತಿಲ್ಲ. ‘ಪುಟ ನಲವತ್ಮೂರು: ಗಾಳಿ ಎದುರಿನಿಂದ ಬೀಸುವಾಗ ಹೊಗೆ ಮುಂದಕ್ಕೆ ಹೋಗದು. ಪುಟ ತೊಂಬತ್ತು: ಈ ಹಗ್ಗವನ್ನು ಒಬ್ಬರೇ ಎಳೆಯಲಾಗದು.’ ಹೀಗೇ ಉದ್ದಕ್ಕೂ. ಎರಡನೆಯ ಪುಸ್ತಕಕ್ಕೂ, ಮೂರನೆಯದಕ್ಕೂ ಪತ್ರ ಬಂತು. ಗಂಡ ಆತನಿಗೆ ತಪ್ಪಿನ ಮೇಷ್ಟ್ರು ಎಂದು ಹೆಸರಿಟ್ಟ. ಯಾವುದೋ ಶಾಲೆಯ ನಿವೃತ್ತ ಮಾಸ್ತರರಿರಬೇಕು, ತಿದ್ದಲು ಮಕ್ಕಳಿಲ್ಲದೆ ನಿನ್ನ ಬೆನ್ನು ಬಿದ್ದಿದ್ದಾರೆ ಎನ್ನುತ್ತಿದ್ದ.

ನಾಲ್ಕನೆಯ ಪುಸ್ತಕದ ಪತ್ರ ಬಂದ ದಿನ ಆಸ್ಪತ್ರೆಯಲ್ಲಿ ಯಂತ್ರ ಕೆಟ್ಟು, ರೋಗಿಗಳ ಕಡೆಯವರಿಂದ ಬೈಸಿಕೊಂಡು ಬಂದಿದ್ದಳು. ಮೊದಲ ಸಾಲು ಓದುತ್ತಲೇ ಮೈ ಉರಿಯಿತು. ಒಂದು ಕಾರ್ಡಿನ ಮೇಲೆ ಬರೆದಳು: ‘ನೀವು ಕಥೆ ಓದಿ ಸಾಕು. ಹಡಗು ನಡೆಸಲು ನಾನಿದ್ದೇನೆ.’ ಗಂಡ ಚಪ್ಪಾಳೆ ತಟ್ಟಿದ. ಆಕೆಗೂ ಆ ಮಾತು ಚೆನ್ನಾಗಿದೆ ಅನ್ನಿಸಿತು. ಆಮೇಲೆ ಮೇಷ್ಟ್ರ ಪತ್ರಗಳು ನಿಂತವು.

ಇನ್ನೂ ಮೂರು ಪುಸ್ತಕ ಬಂದವು. ಓದುಗರ ಒಂದು ಗುಂಪೇ ಕಟ್ಟಿಕೊಂಡಿತು. ಅದನ್ನು ನಡೆಸುತ್ತಿದ್ದ ಗ್ರಂಥಪಾಲಕಿ ಒಂದು ದಿನ ಫೋನು ಮಾಡಿ, ಅಭಿಮಾನಿಗಳೆಲ್ಲ ಆನ್‌ಲೈನಿನಲ್ಲಿ ಸಮಾವೇಶ ನಡೆಸುತ್ತೇವೆ, ಹಳೆಯ ಪತ್ರ ಬರೆದವರ ವಿಳಾಸವಿದ್ದರೆ ಕೊಡಿ, ಹುಡುಕಿ ಕರೆಯುತ್ತೇವೆ ಎಂದಳು. ಮೇಷ್ಟ್ರ ವಿಳಾಸ ಕೈಗೆ ಬಂದಾಗ ಆಕೆ ಸ್ವಲ್ಪ ಹೊತ್ತು ಯೋಚಿಸಿದಳು. ನಾಲ್ಕು ಜನರೆದುರು ಒಂದು ಒಳ್ಳೆಯ ಮಾತಾಡಿ ಸರಿಮಾಡಿಕೊಂಡರಾಯಿತು ಎಂದುಕೊಂಡು ಅದನ್ನೂ ಕೊಟ್ಟಳು.

ಭಾನುವಾರ ಮಧ್ಯಾಹ್ನ ಮೂರು ಗಂಟೆ. ಲ್ಯಾಪ್‌ಟಾಪಿನ ಕೆಳಗೆ ಎರಡು ಡಬ್ಬಿ ಇಟ್ಟು ಎತ್ತರ ಮಾಡಿದ್ದಳು. ಪರದೆಯ ತುಂಬ ಅರವತ್ತೊಂದು ಮುಖಗಳು. ಒಬ್ಬ ಕಪ್ತಾನನ ಟೊಪ್ಪಿ ಹಾಕಿದ್ದ. ಒಬ್ಬಳು ಹಡಗಿನ ಚಿತ್ರ ಬರೆದು ಬೆನ್ನ ಹಿಂದೆ ತೂಗುಹಾಕಿದ್ದಳು. ಯಾರದೋ ಮನೆಯ ಕುಕ್ಕರ್ ಕೂಗಿ ಎಲ್ಲರೂ ನಕ್ಕರು. ಆಕೆಯ ಜೀವಮಾನದಲ್ಲಿ ಅಷ್ಟು ಜನ ಒಟ್ಟಿಗೆ ಆಕೆಯ ಮಾತಿಗೆ ಕಾದದ್ದೇ ಇಲ್ಲ. ಮುಖ ಕೆಂಪೇರಿತ್ತು.

ಮೇಷ್ಟ್ರ ಹೆಸರಿದ್ದ ಕಿಟಕಿಯಲ್ಲಿ ನಲವತ್ತು ದಾಟಿದ ಹೆಂಗಸೊಬ್ಬಳು ಕೂತಿದ್ದಳು. ಸರದಿ ಬಂದಾಗ ತಾನು ಅವರ ಮಗಳೆಂದಳು. ಅಪ್ಪ ಹೋಗಿ ಎಂಟು ತಿಂಗಳಾಯಿತು, ಕರೆ ಬಂದದ್ದರಿಂದ ಬಂದೆ ಎಂದಳು. ಎಕ್ಸ್-ರೇ ಅಕ್ಕ ತಡವರಿಸುತ್ತ, ತಂದೆಯವರು ಯಾವ ಶಾಲೆಯಲ್ಲಿದ್ದರು ಎಂದು ಕೇಳಿದಳು.

“ಶಾಲೆ ಅಲ್ಲ ಮೇಡಂ. ಹಡಗಲ್ಲಿ. ಎಂಜಿನ್ ರೂಮಲ್ಲಿ ಮೂವತ್ತೊಂದು ವರ್ಷ.”

ಪಕ್ಕದಲ್ಲಿದ್ದ ಗಂಡ ಮೆಲ್ಲಗೆ ಎದ್ದು ಹೊರಗೆ ಹೋದ.

ಕಾರ್ಡು ಬಂದ ಮೇಲೂ ಅಪ್ಪ ಪ್ರತಿ ಪುಸ್ತಕವನ್ನೂ ಪೆನ್ಸಿಲ್ ಹಿಡಿದೇ ಓದಿದರು, ತಪ್ಪುಗಳನ್ನು ಒಂದು ನೋಟುಬುಕ್ಕಿನಲ್ಲಿ ಬರೆದಿಟ್ಟರು, ಕಳಿಸಲಿಲ್ಲ ಅಷ್ಟೆ ಎಂದು ಮಗಳು ಹೇಳಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಗ್ರಂಥಪಾಲಕಿ ಕೇಳಿಕೊಂಡಾಗ ನೋಟುಬುಕ್ಕು ತಂದು ಅಲ್ಲಲ್ಲಿ ಓದಿದಳು. ಲಂಗರಿನ ತೂಕ, ತೈಲದ ವಾಸನೆ, ಪಾಳಿ ಬದಲಾಗುವ ಹೊತ್ತು. ಆಮೇಲೆ ಒಂದು ಪುಟದಲ್ಲಿ ನಿಂತಳು.

“ಇದು ಐದನೇ ಪುಸ್ತಕದ್ದು. ‘ಕಪ್ತಾನಳ ತಾಯಿ ಎರಡನೆಯ ಪುಸ್ತಕದಲ್ಲೇ ತೀರಿಕೊಂಡಿದ್ದಾರೆ. ಇಲ್ಲಿ ಅವರಿಂದ ಕಾಗದ ಬಂದಿದೆ. ಇದನ್ನು ತಿದ್ದುವುದು ಬೇಡ. ಇರಲಿ, ಪಾಪ, ಅವಳಿಗೆ ಬೇರೆ ಯಾರಿದ್ದಾರೆ’ ಅಂತ ಬರ್ದಿದಾರೆ.”

ಆ ತಪ್ಪನ್ನು ಪ್ರಕಾಶಕರು ಕಂಡಿರಲಿಲ್ಲ, ಅರವತ್ತು ಅಭಿಮಾನಿಗಳು ಕಂಡಿರಲಿಲ್ಲ, ಬರೆದವಳೂ ಕಂಡಿರಲಿಲ್ಲ. ಎಕ್ಸ್-ರೇ ಅಕ್ಕ ಪರದೆಯತ್ತ ಬಾಗಿದಳು. ಒಂದು ಸಲ ನಿಮ್ಮ ಮನೆಗೆ ಬಂದು ಆ ನೋಟುಬುಕ್ಕು ನೋಡಬಹುದೇ ಎಂದು ಕೇಳಿದಳು.

“ಈಗ್ಯಾಕೆ ಮೇಡಂ?” ಎಂದಳು ಮಗಳು. ನಿಜವಾಗಿ ತಿಳಿಯದೆ ಕೇಳಿದಂತಿತ್ತು. ಆಮೇಲೆ ಎಲ್ಲರಿಗೂ ನಮಸ್ಕಾರ ಹೇಳಿ ಹೊರಟುಹೋದಳು. ಮುಂದಿನ ಸರದಿಯವನು ಎಂಟನೆಯ ಪುಸ್ತಕ ಯಾವಾಗ ಎಂದು ಕೇಳಿದ. ಗೊತ್ತಿಲ್ಲ ಎಂದಳು ಆಕೆ.

ಆ ವಾರ ಮಗಳಿಗೆ ನಾಲ್ಕು ಪುಟದ ಕ್ಷಮಾಪಣೆ ಬರೆದಳು. ಉತ್ತರ ಬರಲಿಲ್ಲ. ಎಂಟನೆಯ ಪುಸ್ತಕವನ್ನು ಮೂರು ಸಲ ಶುರುಮಾಡಿದಳು. ಮೊದಲೆಲ್ಲ ನೀರು ಕುಡಿದಷ್ಟು ಸಲೀಸಾಗಿ ಬರೆಯುತ್ತಿದ್ದವಳು, ಈಗ ಕಪ್ತಾನಳ ಬಾಯಿಂದ ಒಂದು ಅಪ್ಪಣೆ ಹೊರಡಿಸುವಾಗಲೂ ಹಡಗಿನವರು ನಿಜವಾಗಿ ಹೀಗೆ ಮಾಡುತ್ತಾರೆಯೇ ಎಂದು ಅನುಮಾನಪಟ್ಟು ಪೆನ್ನು ಕೆಳಗಿಡುತ್ತಿದ್ದಳು. ಕೇಳಿ ತಿಳಿಯಲು ಆಕೆಗೆ ಯಾರೂ ಇರಲಿಲ್ಲ.

“ಬರಿ ನೀನು. ತಪ್ಪಾದ್ರೆ ಆಗ್ಲಿ ಬಿಡು,” ಎಂದ ಗಂಡ ಒಂದು ಸಂಜೆ.

“ನನಗೆ ಹಾಗನ್ನೋಕೆ ಆಗ್ತಿಲ್ಲ ಕಣ್ರಿ,” ಎಂದು ಆಕೆ ಹಾಳೆಗಳನ್ನು ಮಡಿಸಿ, ಒಗೆದ ಬಟ್ಟೆ ತರಲು ಮಹಡಿ ಹತ್ತಿದಳು.