ಉಳಿದದ್ದು ನಾಡಿದ್ದು

ಬೀದಿದೀಪಗಳು ಇನ್ನೂ ಆರಿಲ್ಲ. ಆಸ್ಪತ್ರೆಯ ಹಿಂಬಾಗಿಲಿನಿಂದ ಒಳಬಂದ ಆಕೆ ಚಪ್ಪಲಿ ಕಳಚಿಟ್ಟು, ಮಾಸಿದ ನೀಲಿ ಕೋಟು ತೊಟ್ಟು, ಡಯಾಲಿಸಿಸ್ ಕೋಣೆಯ ದೀಪಗಳನ್ನು ಒಂದೊಂದಾಗಿ ಹಾಕುತ್ತಾರೆ. ಹತ್ತು ಒರಗುಕುರ್ಚಿ, ಪಕ್ಕದಲ್ಲಿ ಹತ್ತು ಯಂತ್ರ. ಮದ್ದುನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಕುರ್ಚಿಯ ತೋಳು, ಬೆನ್ನು, ಕಾಲಿಡುವ ಹಲಗೆ ಎಲ್ಲವನ್ನೂ ಒರೆಸಿ ಪ್ರತಿ ಕುರ್ಚಿಯ ಮೇಲೂ ಮಡಿಸಿದ ಕಂಬಳಿ ಇಡುತ್ತಾರೆ. ಕೊನೆಗೆ ಕೋಟಿನ ಜೇಬಿನಿಂದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ರಬ್ಬರ್ ಹಾಕಿದ ಒಂದು ಟಿವಿ ರಿಮೋಟು ಹೊರಬರುತ್ತದೆ. ಅದನ್ನೂ ಒಮ್ಮೆ ಒರೆಸುತ್ತಾರೆ.

ಮೂತ್ರಪಿಂಡ ಕೈಕೊಟ್ಟವರ ರಕ್ತವನ್ನು ಯಂತ್ರವೊಂದು ತೊಳೆದು ವಾಪಸು ಕೊಡುವ ಜಾಗವಿದು. ದಿನ ಬಿಟ್ಟು ದಿನ ಬರಬೇಕು, ಬಂದರೆ ನಾಲ್ಕು ಗಂಟೆ ಕೂರಬೇಕು. ಸೂಜಿ ಚುಚ್ಚಿದ ಕೈ ಅಲ್ಲಾಡಿಸುವಂತಿಲ್ಲ. ಕಣ್ಣಿಗೆ ಮಾತ್ರ ಬಿಡುವು. ಆ ಕಣ್ಣುಗಳಿಗಾಗಿ ಎದುರು ಗೋಡೆಯ ಮೇಲೆ ಒಂದು ಟಿವಿ ಇದೆ, ಆ ಟಿವಿ ಈಕೆಯ ಕೈಯಲ್ಲಿದೆ. ಹಾಜರಿ ಪುಸ್ತಕದಲ್ಲಿ ಹುದ್ದೆ ‘ಸಹಾಯಕಿ’ ಎಂದಿದ್ದರೂ ರೋಗಿಗಳ ಬಾಯಲ್ಲಿ ಈಕೆ ರಿಮೋಟಕ್ಕ.

ಮೊದಲ ಪಾಳಿಯವರು ಒಬ್ಬೊಬ್ಬರಾಗಿ ಬಂದು ತೂಕದ ಯಂತ್ರ ಹತ್ತುತ್ತಾರೆ. ಮೈಯಲ್ಲಿ ಎಷ್ಟು ನೀರು ಸೇರಿದೆ ಎಂದು ಅದು ಹೇಳಿಬಿಡುತ್ತದೆ. “ಮೇಡಂ, ಇದು ನಿಮ್ಮ ಮೇಲೆ ಚಾಡಿ ಹೇಳ್ತಿದೆ. ಮತ್ತೆ ಕಲ್ಲಂಗಡಿ ತಿಂದ್ರಾ?” ಎಂದು ಅಕ್ಕ ಒಬ್ಬರನ್ನು ಗದರಿದರೆ, ಅವರು ಮಗುವಿನಂತೆ ಒಂದೇ ಒಂದು ಹೋಳು ಎಂದು ಬೆರಳು ತೋರಿಸುತ್ತಾರೆ. ನರ್ಸುಗಳು ಸೂಜಿ ಚುಚ್ಚುತ್ತಾ ಹೋಗುತ್ತಾರೆ, ಯಂತ್ರಗಳು ಗುಂಯ್ ಎನ್ನತೊಡಗುತ್ತವೆ. ಒಂಬತ್ತು ಕುರ್ಚಿ ತುಂಬಿವೆ. ಕಿಟಕಿ ಪಕ್ಕದ ಹತ್ತನೆಯದು ಮಾತ್ರ ಖಾಲಿ. ಅಕ್ಕ ಕೆಲಸದ ನಡುವೆ ನಾಲ್ಕು ಸಲ ಬಾಗಿಲ ಕಡೆ ನೋಡಿದ್ದಾರೆ. “ಟೈಲರ್ ತಾತ ಇಷ್ಟು ತಡ ಮಾಡಲ್ಲ,” ಎಂದು ಯಾರಿಗೂ ಅಲ್ಲದಂತೆ ಹೇಳಿಕೊಳ್ಳುತ್ತಾರೆ.

ರಿಮೋಟು ಈಕೆಯ ಪಾಲಿಗೆ ಬಂದದ್ದು ಒಂದು ಜಗಳದಿಂದ. ಹಿಂದೆ ಅದು ಮೇಜಿನ ಮೇಲೆ ಬಿದ್ದಿರುತ್ತಿತ್ತು. ಕೋಣೆಯಲ್ಲಿ ಹಳೇ ಸಿನಿಮಾದ ಪಕ್ಷ ಒಂದು, ಧಾರಾವಾಹಿಯ ಪಕ್ಷ ಒಂದು. ಎರಡೂ ಕಡೆಯವರು ಸೂಜಿ ಚುಚ್ಚಿಸಿಕೊಂಡ ಕೈಯನ್ನೂ ಮರೆತು ಎಗರಾಡತೊಡಗಿದಾಗ ಯಂತ್ರಗಳು ಒಟ್ಟಿಗೇ ಕಿರುಚಿಕೊಂಡವಂತೆ. ಹಿರಿಯ ನರ್ಸು ರಿಮೋಟು ಕಿತ್ತು, ನೆಲ ಒರೆಸುತ್ತಿದ್ದ ಈಕೆಯ ಕೈಗೆ ತುರುಕಿ, “ನೀನೇ ಇಟ್ಕೋ ಮಾರಾಯ್ತಿ, ನನಗೆ ಈ ಪಂಚಾಯ್ತಿ ಬೇಡ,” ಎಂದರು. ಅಂದಿನಿಂದ ಪಂಚಾಯ್ತಿ ಈಕೆಯದೇ. ಬೆಳಗಿನ ಪಾಳಿಗೆ ಹಳೇ ಸಿನಿಮಾ, ಮಧ್ಯಾಹ್ನದ ಪಾಳಿಗೆ ಧಾರಾವಾಹಿ, ಸಂಜೆಯವರು ಕೈ ಎತ್ತಿದ್ದು. ಸೂಜಿ ಇಲ್ಲದ ಕೈ ಎತ್ತಿದರೆ ಮಾತ್ರ ಲೆಕ್ಕ.

ಧಾರಾವಾಹಿ ಪಕ್ಷದ ನಾಯಕಿ ಬೇಕರಿ ಆಂಟಿ. ಪಾಪ, ಅವರ ಪಾಳಿ ಬೆಳಿಗ್ಗೆಗೆ ಬದಲಾಗಿ ಶತ್ರುಗಳ ನಡುವೆ ಸಿಕ್ಕಿಹಾಕಿಕೊಂಡಿದ್ದಾರೆ. ಆದರೂ ಬಾಯಿ ಬಿಟ್ಟರೆ ಸೋಲುವವರಲ್ಲ. “ಸಿನಿಮಾದವರು ಮೂರು ಗಂಟೇಲಿ ಮದುವೆ, ಮಗು, ಸಾವು ಎಲ್ಲಾ ಮುಗಿಸಿ ಕೈ ತೊಳ್ಕೋತಾರೆ. ಬದುಕು ಹಾಗಿರುತ್ತಾ? ನಾಲ್ಕು ವರ್ಷದಿಂದ ನಂದು ಇದೇ ಕುರ್ಚಿ, ಇದೇ ಸೂಜಿ. ಧಾರಾವಾಹಿಯವರೇ ಸತ್ಯ ಹೇಳೋದು.”

ಅಕ್ಕ ಮಾತ್ರ ಮೂಗು ಮುರಿಯುತ್ತಾರೆ. ಈ ಕೋಣೆಯಲ್ಲಿ ಕೂತು ಧಾರಾವಾಹಿ ನೋಡುವುದು ಎಂಥ ಹಿಂಸೆ ಎಂದು ಅವರು ಹೇಳುವ ರೀತಿಯೇ ಬೇರೆ. “ಧಾರಾವಾಹೀಲಿ ಯಾರಿಗಾದ್ರೂ ನೀರು ಕೊಟ್ರೆ ಒಂದು ಗುಟುಕು ಕುಡಿದು ಲೋಟ ಇಟ್ಟುಬಿಡ್ತಾರೆ. ತುಂಬಿದ ಲೋಟ! ಅದನ್ನ ಅಲ್ಲೇ ಬಿಟ್ಟು ಅಳೋಕೆ ಶುರು. ಇಲ್ಲಿ ಇವರೆಲ್ಲ ಇಡೀ ದಿನಕ್ಕೆ ಅಳತೆ ಮಾಡಿ ನೀರು ಕುಡಿಯೋರು. ಕಣ್ಣೆಲ್ಲ ಆ ಲೋಟದ ಮೇಲೇ ಇರುತ್ತೆ. ಹಳೇ ಸಿನಿಮಾದವರು ನೋಡಿ, ನೀರು ಕೊಟ್ರೆ ತಳ ಕಾಣೋವರೆಗೂ ಕುಡೀತಾರೆ. ಆಮೇಲೆ ಬಾಯಿ ಒರೆಸ್ಕೊಂಡು ಮಾತು.” ಈ ವಿಷಯದಲ್ಲಿ ಮಾತ್ರ ಬೇಕರಿ ಆಂಟಿಯೂ ತಲೆ ಆಡಿಸುತ್ತಾರೆ. ಹಿಂದಿನ ವಾರ ಸೊಸೆಯೊಬ್ಬಳು ಮೆಟ್ಟಿಲಿನಿಂದ ಬೀಳಲು ಶುರುಮಾಡಿದವಳು ಮೂರು ದಿನವಾದರೂ ನೆಲ ಮುಟ್ಟಿರಲಿಲ್ಲ ಎಂಬುದನ್ನೂ ಅವರು ಒಪ್ಪುತ್ತಾರೆ, ಆದರೆ ನಾಲ್ಕನೆಯ ದಿನ ನೋಡದೆ ಬಿಟ್ಟೆನೆಂದು ಮಾತ್ರ ಹೇಳುವುದಿಲ್ಲ.

ಅಕ್ಕನ ಸಿನಿಮಾ ಹುಚ್ಚಿಗೆ ಮೂಲ ಅವರ ಅಮ್ಮ. ಅಮ್ಮ ಚಿತ್ರಮಂದಿರದಲ್ಲಿ ಕಸ ಗುಡಿಸುತ್ತಿದ್ದವರು. ಆಟ ಮುಗಿಯುವ ಹೊತ್ತಿಗೆ ಪೊರಕೆ ಹಿಡಿದು ಹೋಗುವಾಗ ಎರಡು ಹೆಣ್ಣುಮಕ್ಕಳೂ ಜೊತೆಗೆ. ಗೇಟಿನವನ ಮನಸ್ಸು ನೆಟ್ಟಗಿದ್ದ ದಿನ ಕೊನೆಯ ಅರ್ಧ ಗಂಟೆ ಕತ್ತಲಲ್ಲಿ ನಿಂತು ನೋಡಬಹುದಿತ್ತು. ಹಾಗಾಗಿ ಅಕ್ಕನಿಗೆ ನೂರಾರು ಸಿನಿಮಾಗಳ ಕೊನೆ ಗೊತ್ತು, ಒಂದರ ಮೊದಲೂ ಗೊತ್ತಿರಲಿಲ್ಲ. “ಯಾರೋ ಯಾರನ್ನೋ ತಬ್ಬಿಕೊಂಡು ಅಳ್ತಿರ್ತಾರೆ. ಯಾಕೆ ಅಂತ ಗೊತ್ತಿಲ್ಲ, ನಮಗೂ ಅಳು ಬರೋದು. ಮನೆಗೆ ಹೋಗ್ತಾ ದಾರೀಲಿ ನಾನು ನನ್ನ ತಂಗಿ ಮೊದಲು ಏನಾಗಿರಬಹುದು ಅಂತ ಕಟ್ಟೋದು. ಅವಳದೊಂದು ಕಥೆ, ನಂದೊಂದು. ಮನೆ ಬರೋ ಹೊತ್ತಿಗೆ ಜುಟ್ಟು ಜುಟ್ಟು ಹಿಡ್ಕೊಂಡಿರ್ತಿದ್ವಿ.”

ಆ ತಂಗಿಯೇ ಮುಂದೆ ಈ ಕೋಣೆಗೆ ರೋಗಿಯಾಗಿ ಬಂದಳು. ಅವಳ ಕೈ ಹಿಡಿದು ಕೂರಲು ಬರುತ್ತಿದ್ದ ಅಕ್ಕ, ಸುಮ್ಮನೆ ಕೂರಲಾಗದೆ ಅಕ್ಕಪಕ್ಕದವರ ಕಂಬಳಿ ಸರಿಮಾಡುತ್ತಾ, ನೆಲ ಒರೆಸುತ್ತಾ ಹೋಗಿ ಕೊನೆಗೆ ಕೆಲಸಕ್ಕೇ ಸೇರಿದರು. ತಂಗಿಗೆ ಒಂದು ಧಾರಾವಾಹಿಯೆಂದರೆ ಪ್ರಾಣ. ಮನೆ ಬಿಟ್ಟುಹೋದ ಗಂಡ ತಿರುಗಿ ಬರುತ್ತಾನೋ ಇಲ್ಲವೋ ಎಂಬುದೇ ಅದರ ಕಥೆ. ಮೈ ತೀರಾ ಸೋತಿದ್ದ ದಿನಗಳಲ್ಲೂ, “ಅವನು ಬರೋದು ನೋಡ್ಬೇಕು ಕಣೇ,” ಎಂದು ಎದ್ದು ಕೂರುತ್ತಿದ್ದಳು. ತಂಗಿ ಹೋಗಿ ಎರಡು ವರ್ಷವಾಯಿತು. ಧಾರಾವಾಹಿ ಇನ್ನೂ ಇದೆ. ಗಂಡ ಇನ್ನೂ ಬಂದಿಲ್ಲ.

“ನನಗೆ ಅದು ಒಂದು ಚೂರೂ ಹಿಡಿಸಲ್ಲ,” ಎನ್ನುತ್ತಾರೆ ಅಕ್ಕ. “ಆದ್ರೂ ದಿನಾ ನೋಡ್ತೀನಿ. ಅವಳ ಪರವಾಗಿ ಯಾರಾದ್ರೂ ನೋಡ್ಬೇಕಲ್ಲ.” ಹೇಳಿ, ಮುಖ ತಿರುಗಿಸಿ, ಯಾರೂ ಕೇಳದಿದ್ದರೂ ಒಬ್ಬರ ಕಂಬಳಿ ಎಳೆದು ಸರಿಮಾಡುತ್ತಾರೆ.

ಕಿಟಕಿ ಪಕ್ಕದ ಕುರ್ಚಿ ಇನ್ನೂ ಖಾಲಿಯೇ ಇದೆ. ಹಿರಿಯ ನರ್ಸು ತಾತನ ಮನೆಗೆ ಫೋನು ಮಾಡಿದರೆ ಯಾರೂ ಎತ್ತುತ್ತಿಲ್ಲ. ಅಕ್ಕನ ಒರೆಸುವ ಬಟ್ಟೆ ಒರೆಸಿದಲ್ಲೇ ಒರೆಸುತ್ತಿದೆ. ಈ ಕುರ್ಚಿಯ ಮೇಲೆ ಅವರಿಗೆ ಇಷ್ಟು ಕಣ್ಣು ಯಾಕೆ ಎಂದರೆ, ಕೆಲವು ತಿಂಗಳ ಹಿಂದೆ ಟೈಲರ್ ತಾತ ತೂಕದ ಯಂತ್ರದ ಮೇಲೆ ನಿಂತು, ಬಟ್ಟೆಯ ಅಳತೆ ಹೇಳುವಷ್ಟೇ ಸಲೀಸಾಗಿ, “ಮುಂದಿನ ವಾರದಿಂದ ನಾನು ಬರಲ್ಲ. ಸಾಕು,” ಎಂದಿದ್ದರು. ಬರದಿದ್ದರೆ ಏನಾಗುತ್ತದೆಂದು ಅವರಿಗೂ ಗೊತ್ತಿತ್ತು. ಜೊತೆಗಿದ್ದ ಮಗಳು ಅಲ್ಲೇ ಗೋಡೆಗೆ ಒರಗಿ ಅತ್ತಳು. ಡಾಕ್ಟರು ಮಾತಾಡಿದರು, ನರ್ಸು ಮಾತಾಡಿದರು. ತಾತ ಎಲ್ಲದಕ್ಕೂ ನಗುತ್ತಾ ಹೂಂಗುಟ್ಟಿದರು, ಯಾವುದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಅಕ್ಕ ಬುದ್ಧಿ ಹೇಳುವ ಗೋಜಿಗೇ ಹೋಗಲಿಲ್ಲ. ಹಳೇ ಸಿನಿಮಾ ಪಕ್ಷದ ನಾಯಕ ತಾತನೇ. ನಾನು ನೋಡದ ಹಳೇ ಸಿನಿಮಾ ಹುಟ್ಟಿಯೇ ಇಲ್ಲ ಎಂದು ಜಂಬ ಕೊಚ್ಚುವವರು. ಅಕ್ಕ ಮೊಬೈಲ್ ಅಂಗಡಿಯವನಿಗೆ ದುಂಬಾಲು ಬಿದ್ದು, ಯಾರೂ ಕೇಳಿರದಂಥ ಒಂದಷ್ಟು ಕಪ್ಪು ಬಿಳುಪಿನ ಸಿನಿಮಾಗಳನ್ನು ಪೆನ್‌ಡ್ರೈವಿಗೆ ತುಂಬಿಸಿಕೊಂಡು ಬಂದರು. ಮೊದಲು ವಾರ್ತೆ ಹಾಕಿ, ಬೇಕೆಂದೇ ತಡಮಾಡಿ ಸಿನಿಮಾ ಹಚ್ಚಿದರು. ಕಥೆಯಲ್ಲಿ ಒಬ್ಬ ಬಡ ಗುಮಾಸ್ತ. ಅವನ ಕೋಟಿನ ಮೊಣಕೈಗೆ ತೇಪೆ. “ನೋಡು, ತೇಪೆ ಒಳಗಿಂದ ಹಾಕಿದ್ದಾನೆ, ಕೈ ಹೊಲಿಗೆ! ಯಾರೋ ಗೊತ್ತಿದ್ದೋನು ಹೊಲಿದಿದ್ದು. ನಿಮ್ಮ ಧಾರಾವಾಹೀಲಿ ಬಡವನ ಅಂಗಿಗೂ ಇಸ್ತ್ರಿ,” ಎಂದು ತಾತ ಎದ್ದು ಕೂತರು. ಗುಮಾಸ್ತನ ಮೇಲೆ ಕಳ್ಳತನದ ಆರೋಪ ಬಂತು. ನ್ಯಾಯಾಧೀಶ ತೀರ್ಪು ಓದಲು ಕನ್ನಡಕ ಹಾಕಿಕೊಂಡ. ಅಷ್ಟರಲ್ಲಿ ಟಿವಿ ಆರಿತು.

“ಏಯ್! ಹಾಕಮ್ಮಾ!”

“ಟೈಮಾಯ್ತು ತಾತ. ಚೇರು ಒರೆಸ್ಬೇಕು. ಉಳಿದದ್ದು ನಾಡಿದ್ದು.”

ತಾತ ಬೈದ ಬೈಗುಳ ಮಹಡಿ ಇಳಿಯುವವರೆಗೂ ಕೇಳುತ್ತಿತ್ತಂತೆ. ಆದರೆ ನಾಡಿದ್ದು ಬಂದರು. ಮುಖ ಗಂಟು ಹಾಕಿಕೊಂಡೇ ಬಂದರು. ತೀರ್ಪು ನೋಡಿ ಮುಗಿಸುವ ಹೊತ್ತಿಗೆ ಅಕ್ಕ ಇನ್ನೊಂದು ಹಚ್ಚಿದ್ದರು, ಅದೂ ಅರ್ಧಕ್ಕೇ ನಿಂತಿತು. ಹೀಗೇ ನಡೆಯಿತು. ಗುಟ್ಟು ಇಡೀ ಕೋಣೆಗೆ ಗೊತ್ತು. ಯಾವ ಗುಟ್ಟನ್ನೂ ಹೊಟ್ಟೆಯಲ್ಲಿ ಇಟ್ಟುಕೊಳ್ಳದ ಬೇಕರಿ ಆಂಟಿ ಕೂಡ ಬಾಯಿಗೆ ಬೀಗ ಹಾಕಿಕೊಂಡರು. ತನ್ನ ಧಾರಾವಾಹಿಯವರ ಉಪಾಯವನ್ನೇ ಕದ್ದಿದ್ದಾಳೆ ಎಂದು ಒಳಗೊಳಗೇ ಅವರಿಗೆ ಹೆಮ್ಮೆ ಬೇರೆ.

“ತಾತ ಬಂದಿದ್ದು ನನ್ನಿಂದ ಅಂತ ನಿಮ್ಮ ಪೇಪರಲ್ಲಿ ಬರೀಬೇಡಿ,” ಎಂದು ಅಕ್ಕ ಖಡಾಖಂಡಿತವಾಗಿ ಹೇಳುತ್ತಾರೆ. “ಮಗಳು ಹಗಲೂ ರಾತ್ರಿ ನೋಡ್ಕೊಂಡ್ಲು. ಡಾಕ್ಟ್ರು ಔಷಧಿ ಬದಲಾಯಿಸಿದ್ರು. ನಾನು ಟಿವಿ ಆರಿಸಿದೆ, ಅಷ್ಟೇ. ಅದೇನು ದೊಡ್ಡ ಕೆಲಸ?”

ಬಾಗಿಲು ದಡಾರನೆ ತೆರೆಯುತ್ತದೆ. ಏದುಸಿರು ಬಿಡುತ್ತಾ ಮಗಳು, ಅವಳ ಹೆಗಲು ಹಿಡಿದು ಟೈಲರ್ ತಾತ. ಕಾಲರಿನ ಗುಂಡಿಯವರೆಗೂ ಹಾಕಿದ ಅಂಗಿ. ಅಕ್ಕ ಓಡಿಹೋಗಿ ಇನ್ನೊಂದು ಹೆಗಲು ಹಿಡಿಯುತ್ತಾರೆ.

“ಎದೆ ಧಸಕ್ಕಂತು ತಾತ! ಏನಾಯ್ತು?”

ಉತ್ತರ ಕೊಟ್ಟದ್ದು ಮಗಳು. “ಏನಾಗೋದು ಅಕ್ಕ, ರಾತ್ರಿಯೆಲ್ಲ ನನ್ನ ಫೋನ್ ಹಿಡ್ಕೊಂಡು ನೀವು ಅರ್ಧಕ್ಕೆ ನಿಲ್ಲಿಸಿದ ಸಿನಿಮಾದ ಕೊನೆ ನೋಡ್ತಾ ಕೂತಿದ್ರು. ಬೆಳಿಗ್ಗೆ ಎಬ್ಬಿಸಿದ್ರೂ ಏಳ್ಲಿಲ್ಲ. ಫೋನಲ್ಲಿ ಚಾರ್ಜೂ ಇಲ್ಲ.”

ತಾತ ಮಗಳನ್ನು ಕಣ್ಣಲ್ಲೇ ಸುಡುತ್ತಾರೆ. ಅಕ್ಕನ ಮುಖದ ಬಣ್ಣ ಇಳಿದುಹೋಗಿದೆ. ತಾತ ಕುರ್ಚಿಯಲ್ಲಿ ಒರಗುತ್ತಾರೆ, ನರ್ಸು ಸೂಜಿ ಚುಚ್ಚಿ ಹೋಗುತ್ತಾರೆ. ಆಮೇಲೆ ಅಕ್ಕ ಕಂಬಳಿ ಹೊದಿಸುತ್ತಾ ಮೆಲ್ಲಗೆ ಕೇಳುತ್ತಾರೆ.

“ಯಾವಾಗಿಂದ ತಾತ?”

“ಮೂರನೇ ಸಿನಿಮಾದಿಂದ.”

“ಅಂದ್ರೆ ಎಲ್ಲದರ ಕೊನೇನೂ ನೋಡ್ಕೊಂಡೇ ಬರ್ತಿದ್ರಾ? ಮತ್ತೆ ಇಲ್ಲಿ ಬಂದು ಮುಂದೇನು ಮುಂದೇನು ಅಂತ ನನ್ನ ಪ್ರಾಣ ತಿಂತಿದ್ರಲ್ಲ!”

“ತಿನ್ನದೆ?” ತಾತನಿಗೆ ಈಗ ನಿಜವಾಗಿ ಸಿಟ್ಟು ಬಂದಿದೆ. “ನೋಡೋದೇನು, ಯಾರು ಬೇಕಾದ್ರೂ ನೋಡ್ತಾರೆ. ನೋಡಿದ್ಮೇಲೆ ಯಾರ ಹತ್ರ ಹೇಳ್ಲಿ? ನಿನ್ನೆ ರಾತ್ರಿ ಆ ಹೆಂಗಸು ಅಷ್ಟು ಸುಲಭಕ್ಕೆ ಅವನನ್ನ ಕ್ಷಮಿಸಿಬಿಟ್ಲಲ್ಲ, ಅದು ತಪ್ಪು ಅಂತ ಯಾರ ಹತ್ರ ಜಗಳ ಆಡ್ಲಿ? ಇವಳು ನನ್ನ ಮಗಳು, ಏನು ಹೇಳಿದ್ರೂ ಹೌದಪ್ಪಾ ಅಂತಾಳೆ. ನೀನಾದ್ರೆ ಅಲ್ಲ ಅಂತೀಯ.”

“ಅಲ್ಲವೇ ಅಲ್ಲ,” ಎಂದು ಅಕ್ಕ ಅಂದುಬಿಡುತ್ತಾರೆ. “ಅವಳು ಕ್ಷಮಿಸಿದ್ದು ಸರಿ. ಅದನ್ನ ನಾನು ಎಂಟು ವರ್ಷದೋಳಿದ್ದಾಗಲೇ ನೋಡಿದ್ದೀನಿ.”

“ಕೊನೆ ಅರ್ಧ ಗಂಟೆ ನೋಡಿ ನ್ಯಾಯ ಹೇಳೋಳು ನೀನು!”

ಬೇಕರಿ ಆಂಟಿ ಕಂಬಳಿಯೊಳಗೆ ನಗುತ್ತಾರೆ. ಜಗಳ ಟಿವಿಯ ವಾರ್ತೆಯನ್ನೂ ಮೀರಿ ನಡೆಯುತ್ತದೆ. ಅಕ್ಕ ನಡುವೆ ಒಮ್ಮೆ ಹೊರಗೆ ಹೋಗಿ, ಮುಖ ತೊಳೆದುಕೊಂಡು ಬಂದು, ಬಿಟ್ಟಲ್ಲಿಂದಲೇ ಮುಂದುವರಿಸುತ್ತಾರೆ. ಇಷ್ಟು ಸಂತೋಷವಾಗಿ ಬೈಸಿಕೊಳ್ಳುವವರನ್ನು ನೋಡುವುದು ಅಪರೂಪ.

ಪಾಳಿ ಮುಗಿಯುತ್ತಾ ಬಂದಾಗ, ಏನಾದರೂ ಆಸೆ ಉಳಿದಿದೆಯೇ ಎಂದು ಕೇಳಿದರೆ ಅಕ್ಕ ನಾಚಿಕೊಳ್ಳುತ್ತಾರೆ. ತಂಗಿಯ ಜೊತೆ ನೋಡಿದ ಒಂದು ಕೊನೆ ಇದೆಯಂತೆ, ಹೆಸರು ಗೊತ್ತಿಲ್ಲ. “ಒಂದು ಹೆಂಗಸು ರೈಲಿಂದ ಇಳೀತಾಳೆ. ಜೊತೇಲಿ ಯಾರೂ ಇಲ್ಲ. ಪೆಟ್ಟಿಗೆ ಕೆಳಗಿಟ್ಟು, ಅದರ ಮೇಲೆ ಕೂತು, ಒಬ್ಬಳೇ ನಗ್ತಾಳೆ. ನಕ್ಕೂ ನಕ್ಕೂ ಸಿನಿಮಾ ಮುಗಿಯುತ್ತೆ. ಯಾಕೆ ನಕ್ಕಳು ಅಂತ ನಾನೂ ತಂಗೀನೂ ಎಷ್ಟು ಕಥೆ ಕಟ್ಟಿದ್ರೂ ಸರಿಹೋಗ್ಲಿಲ್ಲ. ಅವಳು ಕೊನೆವರೆಗೂ ಕೇಳ್ತಿದ್ಲು. ಅದೊಂದು ಗೊತ್ತಾದ್ರೆ ಸಾಕು ನನಗೆ.”

“ಬೆತ್ತದ ಪೆಟ್ಟಿಗೆ ಅಲ್ವಾ?” ಕಣ್ಣು ಮುಚ್ಚಿ ಒರಗಿದ್ದ ತಾತನ ದನಿ.

ಅಕ್ಕ ಅಲ್ಲೇ ನಿಂತುಬಿಡುತ್ತಾರೆ. “ಹೂಂ ತಾತ. ಬೆತ್ತದ್ದೇ.”

“ಅವಳ ಕೋಟಿಗೆ ಮೇಲಿಂದ ಎರಡನೇ ಗುಂಡಿ ಇಲ್ಲ.”

“ಅಯ್ಯೋ, ಹೌದು! ನಿಮಗೆ ಗೊತ್ತಾ ಆ ಸಿನಿಮಾ?”

“ಗೊತ್ತಾ ಅಂತೆ! ಆ ಗುಂಡಿ ಎಲ್ಲಿ ಹೋಯ್ತು ಅನ್ನೋದೇ ಇಡೀ ಕಥೆ.”

ನರ್ಸು ಬಂದು ಸೂಜಿ ತೆಗೆಯುತ್ತಾರೆ. ಅಕ್ಕ ಹತ್ತಿಯುಂಡೆ ಒತ್ತಿಹಿಡಿದು ತಾತನ ಮುಖವನ್ನೇ ನೋಡುತ್ತಾ ಕಾಯುತ್ತಾರೆ. ರಕ್ತ ನಿಲ್ಲುತ್ತದೆ, ಪಟ್ಟಿ ಬೀಳುತ್ತದೆ. ತಾತ ಎದ್ದು, ತೂಕ ನೋಡಿಸಿ, ತೋಳು ಇಳಿಸಿ ಗುಂಡಿ ಹಾಕಿಕೊಂಡು, ಮಗಳ ಹೆಗಲು ಹಿಡಿದು ಬಾಗಿಲ ಕಡೆ ಹೊರಡುತ್ತಾರೆ.

“ತಾತ! ಹೇಳಿ ಹೋಗಿ! ಯಾಕೆ ನಕ್ಕಳು?”

ಟೈಲರ್ ತಾತ ಹೊಸ್ತಿಲಲ್ಲಿ ತಿರುಗಿ, ಖಾಲಿ ಕುರ್ಚಿಯನ್ನೂ ಅಕ್ಕನ ಕೈಯ ಬಟ್ಟೆಯನ್ನೂ ನೋಡುತ್ತಾರೆ.

“ಟೈಮಾಯ್ತಲ್ಲಮ್ಮಾ, ನೀನು ಚೇರು ಒರೆಸ್ಬೇಕು. ಉಳಿದದ್ದು ನಾಡಿದ್ದು.”