ನಾನು ಕಾಣದ ನಮಸ್ಕಾರ

ಕೃಪಾ, ನಿನ್ನ ತಂದೆ ನಾಗರಕಲ್ಲಿಗೆ ಕೈಮುಗಿದದ್ದನ್ನು ನಾನು ಕಂಡಿರಲಿಲ್ಲ. ಕಂಡೆನೆಂದು ನಮ್ಮ ಕ್ರೈಸ್ತ ಸಭೆಯ ಹಿರಿಯರ ಮುಂದೆ ಹೇಳಿದೆ. ಅದು ಸುಳ್ಳು. ನಿನ್ನ ತಂದೆ ವಿಶ್ವಾಸ ಬಿಟ್ಟುಹೋದರು, ನಿನ್ನನ್ನೂ ಬಿಟ್ಟರು ಎಂದು ನಿನಗೆ ಹೇಳಿ ಬೆಳೆಸಿದೆನಲ್ಲ — ಅದೂ ಸುಳ್ಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕಾರಣಗಳಿಂದ ಆರಂಭಿಸಿದರೆ ಅವುಗಳ ಹಿಂದೆ ಮತ್ತೆ ಅಡಗಿಕೊಂಡೇನೆಂಬ ಭಯ ನನಗೆ.

ನಿನ್ನ ತಾಯಿ ಪ್ರಭಾ ನನ್ನ ಒಬ್ಬಳೇ ತಂಗಿ. ಎರಡನೆಯ ಹೆರಿಗೆಯಲ್ಲಿ ಕೂಸಿನೊಂದಿಗೆ ಅವಳೂ ತೀರಿಕೊಂಡಾಗ ನಿನಗೆ ಅಂಗಿಯ ಗುಂಡಿ ಹಾಕಿಕೊಳ್ಳಲೂ ಬರುತ್ತಿರಲಿಲ್ಲ. ನಿನ್ನ ತಂದೆ ಸಮುವೇಲ ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಯಲ್ಲಿ ಫಿಟ್ಟರ್. ಬೆಳಗಿನ ಭೋಂಗಾ ಕೂಗುವ ಮೊದಲೇ ಮನೆ ಬಿಡಬೇಕು. ನಾನು ಧಾರವಾಡದ ಹೆಣ್ಣುಮಕ್ಕಳ ಶಾಲೆಯಲ್ಲಿ ಶಿಕ್ಷಕಿ, ಮದುವೆಯಾಗದವಳು. "ಸ್ವಲ್ಪ ದೊಡ್ಡಾಕಿ ಆಗೂತನಾ ನಿಮ್ಮ ಹಂತ್ಯಾಕ ಇರಲ್ರಿ, ಅಕ್ಕಾರ" ಎಂದು ಅವರೇ ನಿನ್ನನ್ನು ತಂದು ನನ್ನ ಮಡಿಲಲ್ಲಿ ಕೂರಿಸಿದರು.

ಪ್ರತಿ ರವಿವಾರ ಅವರು ರೈಲಿನಲ್ಲಿ ಬರುತ್ತಿದ್ದರು. ನಿನಗೆ ಬತ್ತಾಸು ತರುತ್ತಿದ್ದರು. ನನಗೆ ಅದೇ ಒಂದು ನೋವು — ಕರ್ತನ ದಿನದಲ್ಲಿ ಪ್ರಯಾಣ, ಕರ್ತನ ದಿನದಲ್ಲಿ ಪೇಟೆ. ಒಮ್ಮೆ ಕೇಳಿಯೂಬಿಟ್ಟೆ. "ಉಳಿದ ದಿವಸ ನನಗ ಸೂಟಿ ಎಲ್ಲಿ ಐತ್ರಿ?" ಎಂದು ನಕ್ಕರು. ಆ ನಗು ನನಗೆ ಹಿಡಿಸಲಿಲ್ಲ.

ಆಗ ನಮ್ಮ ಊರಲ್ಲಿ ಉಜ್ಜೀವನ ಕೂಟಗಳ ಕಾಲ. ಸಂಜೆ ಸಂಜೆ ಸೇರಿ ಅಳುತ್ತಿದ್ದೆವು, ಪಾಪ ಒಪ್ಪಿಕೊಳ್ಳುತ್ತಿದ್ದೆವು, ಯಾರು ಒಳಗೆ ಯಾರು ಹೊರಗೆ ಎಂದು ಮಾತಾಡುತ್ತಿದ್ದೆವು. ಬಿಸಿಯೂ ಅಲ್ಲದ ತಣ್ಣಗೂ ಇಲ್ಲದ ವಿಶ್ವಾಸಿಗಳೇ ಸಭೆಗೆ ಹತ್ತಿದ ಗೆದ್ದಲು ಎಂದು ನಾನೇ ಎಷ್ಟೋ ಸಲ ಹೇಳಿದ್ದೇನೆ — ಹೇಳುವಾಗ ನನ್ನ ಕಣ್ಣ ಮುಂದೆ ಇರುತ್ತಿದ್ದುದು ನಿನ್ನ ತಂದೆಯ ಮುಖ. ಅವರು ಉಪವಾಸ ಮಾಡುತ್ತಿರಲಿಲ್ಲ. ಬೀಡಿ ಸೇದುತ್ತಿದ್ದರು. ಊಟಕ್ಕೆ ಮೊದಲು ಅವರ ಪ್ರಾರ್ಥನೆ ಒಂದೇ ಉಸಿರಿಗೆ ಮುಗಿಯುತ್ತಿತ್ತು. ಕೂಟಕ್ಕೆ ಕರೆದರೆ, "ಅಷ್ಟು ಅಳಾಕ ನನಗ ಬರೂದಿಲ್ರಿ" ಎನ್ನುತ್ತಿದ್ದರು.

ಆ ವರ್ಷ ನಾಗರಪಂಚಮಿಯ ರಜೆಗೆ ನಿನ್ನನ್ನು ಹುಬ್ಬಳ್ಳಿಗೆ ಕರೆದೊಯ್ದರು. ಅವರೊಂದಿಗೆ ಕೆಲಸ ಮಾಡುತ್ತಿದ್ದ ಬಸಪ್ಪನವರ ಮನೆ ಬೆಂಗೇರಿಯಲ್ಲಿ. ಅಲ್ಲಿ ಮಕ್ಕಳಿಗೆ ಜೋಕಾಲಿ ಕಟ್ಟಿದ್ದರು. ಸಂಜೆ ನಿನ್ನನ್ನು ಕರೆತರಲು ನಾನೇ ಹೋದೆ. ಪೂಜೆ ಯಾವಾಗಲೋ ಮುಗಿದಿತ್ತು. ನೀನು ಹಣೆಗೆ ಕುಂಕುಮ ಹಚ್ಚಿಕೊಂಡು, ಕೈಯಲ್ಲಿ ಶೇಂಗಾ ಉಂಡಿ ಹಿಡಿದು ಓಡಿಬಂದೆ. "ದೊಡ್ಡವ್ವ, ನಾಗಪ್ಪಗ ಹಾಲು ಹಾಕಿದ್ರು!" ಎಂದೆ.

"ಅಪ್ಪ ಎಲ್ಲಿದ್ದ?"

"ಹೊರಗ ಜೋಕಾಲಿ ಹಗ್ಗ ಬಿಗಿಯಾಕತ್ತಿದ್ದ."

ಕೃಪಾ, ಇದನ್ನು ನೀನೇ ನನಗೆ ಹೇಳಿದ್ದೆ. ನಿನಗೆ ಈಗ ನೆನಪಿರಲಾರದು. ನಾನು ಮರೆತಿಲ್ಲ.

ಅಲ್ಲಿಯೇ ಅಂಗಳದಲ್ಲಿ, ಸೆರಗಿನಿಂದ ನಿನ್ನ ಹಣೆ ಒರೆಸುತ್ತ ನಿನ್ನ ತಂದೆಯನ್ನು ಕೇಳಿದೆ — "ಖರೇ ಹೇಳ್ರಿ, ನೀವು ಕ್ರೈಸ್ತರು ಹೌದೋ ಅಲ್ಲೋ?"

ಬಸಪ್ಪನವರ ಮನೆಯವರೆಲ್ಲ ನಿಂತಿದ್ದರು. ನಿನ್ನ ತಂದೆ ತಲೆತಗ್ಗಿಸಿ ಹೇಳಿದರು: "ನಿಮ್ಮಷ್ಟು ದೊಡ್ಡ ಕ್ರೈಸ್ತ ಅಲ್ರಿ, ಅಕ್ಕಾರ. ಆದ್ರ ಪ್ರಭಾ ಹೋದ ಮ್ಯಾಲೆ ನಾ ಮನಸ್ಸು ಬಿಚ್ಚಿ ಮಾತಾಡಿದ್ದು ಆ ದೇವರ ಜೋಡಿ ಒಬ್ಬನ ಜೋಡೀನಽ."

ನನಗೆ ಅಷ್ಟು ಸಾಕಾಗಬೇಕಿತ್ತು. ಆದರೆ ಹಿಂದಿನ ವಾರವೇ ಅವರು, ಇನ್ನು ನಿನ್ನನ್ನು ಹುಬ್ಬಳ್ಳಿಯಲ್ಲೇ ಶಾಲೆಗೆ ಹಾಕುತ್ತೇನೆ, ತಮ್ಮ ತಾಯಿಯನ್ನು ಊರಿನಿಂದ ಕರೆಸಿಕೊಳ್ಳುತ್ತೇನೆ ಎಂದಿದ್ದರು. ನಿನ್ನ ಆತ್ಮಕ್ಕಾಗಿ ಹೆದರಿದೆನೆಂದು ಆಗ ನನಗೆ ನಾನೇ ಹೇಳಿಕೊಂಡೆ. ನಿನ್ನ ಆತ್ಮವೋ — ಅಥವಾ ನೀನಿಲ್ಲದ ನನ್ನ ಮನೆಯೋ —

ನಾನು ದೂರು ಹೇಳಿದ್ದರಿಂದ ಮುಂದಿನ ವಾರ ಹಿರಿಯರು ಕೂಡಿದರು. ನಮ್ಮ ಸಭೆಯ ಪಾದ್ರಿ ಅಯ್ಯನವರು ಮುದುಕರು, ಮೆತ್ತನೆಯ ಮನುಷ್ಯ. "ನೀವು ಕಣ್ಣಾರೆ ಕಂಡೀರೇನು?" ಎಂದು ನನ್ನನ್ನು ಎರಡು ಸಲ ಕೇಳಿದರು. ಎರಡು ಸಲವೂ ನಾನು "ಕಂಡೇನ್ರಿ" ಎಂದೆ. ಒಂದು ಸುಳ್ಳಿನಿಂದ ಒಂದು ಮಗು ಉಳಿಯುವುದಾದರೆ ದೇವರು ಅದನ್ನು ಎಣಿಸಲಾರನೆಂದು —

ಅವರು ನಿನ್ನ ತಂದೆಯನ್ನು ಕರೆಸಿದರು. ಕಠಿಣವಾದದ್ದನ್ನೇನೂ ಕೇಳಲಿಲ್ಲ. ತಪ್ಪಾಯಿತೆಂದು ರವಿವಾರ ಸಭೆಯ ಮುಂದೆ ನಿಂತು ಒಂದು ಮಾತು ಹೇಳಲಿ, ಮಗಳನ್ನು ಕರೆದುಕೊಂಡು ಹೋಗಲಿ. ಇಷ್ಟೇ. ಅವರು ಒಪ್ಪಿಯಾರೆಂದೇ ನಾನು ಹೆದರಿದ್ದೆ. ಅರೆಮನಸ್ಸಿನ ಮನುಷ್ಯನಿಗೆ ಒಂದು ಮಾತು ಯಾವ ಲೆಕ್ಕ?

"ಮಾಡದಿದ್ದದ್ದನ್ನ ಮಾಡೇನಿ ಅಂತ ದೇವರ ಮುಂದ ಹ್ಯಾಂಗ ಹೇಳ್ಲಿ, ಅಯ್ಯನವರ?" ಎಂದರು. "ಸುಳ್ಳಾಗತೈತಲ್ರಿ."

"ಹಂಗಾರ ಅಕ್ಕಾರು ಸುಳ್ಳು ಹೇಳ್ಯಾರೇನು?"

ನಿನ್ನ ತಂದೆ ನನ್ನ ಕಡೆ ನೋಡಿದರು. ಆ ನೋಟದಲ್ಲಿ ಸಿಟ್ಟು ಇದ್ದಿದ್ದರೆ ನಾನು ಇಷ್ಟು ವರ್ಷ ಹೇಗೋ ತಡೆದುಕೊಳ್ಳುತ್ತಿದ್ದೆ. "ಅವರು ಏನು ಕಂಡ್ರೋ ನನಗ ಗೊತ್ತಿಲ್ರಿ. ನನ್ನ ಮಗಳು ಅವರ ಕೈಯಾಗ ಬೆಳ್ಯಾಕತ್ತಾಳ. ನಾ ಏನೂ ಅನ್ನೂದಿಲ್ಲ."

ಸಭೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನದಿಂದ ಅವರನ್ನು ಹೊರಗಿಟ್ಟರು. ಪಶ್ಚಾತ್ತಾಪ ಪಡುವವರೆಗೆ ನೀನು ನನ್ನಲ್ಲೇ ಇರಬೇಕೆಂದಾಯಿತು. ಅವರು ಬಂದಾಗಲೆಲ್ಲ ನಾನು ಬಾಗಿಲಲ್ಲೇ ನಿಂತು, "ಕೂಸು ನಿಮ್ಮನ್ನ ನೋಡಿದ್ರ ಅಂಜತೈತಿ" ಎಂದೆ. ನಿನಗೆ, "ಅಪ್ಪ ಬರೂದಿಲ್ಲ, ಅವರ ದೇವರಽ ಬ್ಯಾರೆ" ಎಂದೆ. ನೀನು ಕೆಲವು ದಿನ ಕಿಟಕಿಯಲ್ಲಿ ಕೂತೆ. ಆಮೇಲೆ ಕೂರಲಿಲ್ಲ. ಅವರೂ ಬರುವುದನ್ನು ನಿಲ್ಲಿಸಿದರು.

ಮಹಾಯುದ್ಧದ ಕೊನೆಯ ದಿನಗಳಲ್ಲಿ ಬಸಪ್ಪನವರು ನಮ್ಮ ಶಾಲೆಗೆ ಬಂದರು. ಸಮುವೇಲನಿಗೆ ಎದೆಯ ರೋಗ, ಮಗಳನ್ನು ನೋಡಬೇಕೆನ್ನುತ್ತಾನೆ ಎಂದರು. ನಾನು ಒಬ್ಬಳೇ ಹೋದೆ. ಹಾಸಿಗೆಯ ಮೇಲೆ ಮೂಳೆಯಷ್ಟೇ ಉಳಿದಿತ್ತು. ನನ್ನನ್ನು ಕಂಡದ್ದೇ ತಡ ಮೊಣಕೈ ಊರಿ ಎದ್ದು, ನನ್ನ ಹಿಂದೆ ಬಾಗಿಲ ಕಡೆ ನೋಡಿದರು.

"ಕೃಪಾ ಬಂದಾಳೇನ್ರಿ?"

"ಆಕಿಗೆ ಪರೀಕ್ಷಾ ಅದಾವ" ಎಂದೆ. ಪರೀಕ್ಷೆ ಇರಲಿಲ್ಲ.

"ಛಲೋ ಬರೀಲಿ" ಎಂದು ಮತ್ತೆ ಮಲಗಿದರು. ಸ್ವಲ್ಪ ಹೊತ್ತಿನ ಮೇಲೆ, "ಒಂದು ಪ್ರಾರ್ಥನಾ ಮಾಡ್ರಿ, ಅಕ್ಕಾರ. ನಿಮಗ ಛಲೋ ಬರತೈತಿ" ಎಂದರು. ನಾನು ಬಾಯಿ ತೆರೆದೆ. ಒಂದು ಶಬ್ದವೂ ಹೊರಡಲಿಲ್ಲ. ಕಾದು ಕಾದು ಕೊನೆಗೆ ಅವರೇ ಕಣ್ಣು ಮುಚ್ಚಿ ಮಾಡಿದರು — ಎಂದಿನ ಹಾಗೆ ಒಂದೇ ಉಸಿರಿನದು. ಅದರಲ್ಲಿ ನಿನ್ನ ಹೆಸರಿತ್ತು. ನನ್ನದೂ ಇತ್ತು.

ಆ ವಾರವೇ ತೀರಿಕೊಂಡರು. ಸಭೆಯ ಸ್ಮಶಾನದಲ್ಲಿ ಅವರಿಗೆ ಜಾಗ ಸಿಗಲಿಲ್ಲ. ಆಗಲಾದರೂ ನಾನು ಬಾಯಿ ಬಿಡಬಹುದಿತ್ತು. ಬಸಪ್ಪನವರು ತಮ್ಮ ಹೊಲದ ಬದುವಿನಲ್ಲಿ ಮಣ್ಣು ಮಾಡಿದರು. ಸುದ್ದಿ ಹೇಳಿದಾಗ ನೀನು ಅಳಲಿಲ್ಲ. ಜಡೆ ಹಾಕಿಸಿಕೊಳ್ಳುತ್ತ ಕೂತಿದ್ದವಳು ತಿರುಗದೆಯೇ ಕೇಳಿದೆ: "ದೊಡ್ಡವ್ವ, ಅವರು ನರಕಕ್ಕ ಹೋಗಿರತಾರಲ್ಲ?" ನಾನು ಇಲ್ಲ ಎನ್ನಲಿಲ್ಲ. ಜಡೆ ಹಾಕುತ್ತಲೇ ಹೋದೆ.

ಮೊನ್ನೆ ನಿನ್ನನ್ನು ನೋಡಲು ಬಂದ ಹುಡುಗನ ಮನೆಯವರು ಎದ್ದುಹೋದ ಮೇಲೆ ನೀನು ಹೇಳಿದೆ — "ಹಬ್ಬಕ್ಕೊಮ್ಮೆ ಚರ್ಚಿಗೆ ಬರೋ ಮಂದಿ, ದೊಡ್ಡವ್ವ. ಇವರೇನು ಕ್ರೈಸ್ತರು?" ಅದು ನನ್ನ ಧ್ವನಿ. ಮಾತಿನ ಧಾಟಿಯೂ ನನ್ನದೇ. ನಿನಗೆ ನಾನು ಕೊಟ್ಟದ್ದು ದೇವರನ್ನು ಎಂದು ನಂಬಿದ್ದೆ.

ನಿಜವಾದ ಕ್ರೈಸ್ತರು ಯಾರೆಂದು ನನ್ನನ್ನು ಕೇಳಬೇಡ, ನನಗೆ ತಿಳಿಯದು. ಒಂದು ಸುಳ್ಳು ಮಾತಾಡಿ ನಾನು ನಿನ್ನನ್ನು ಪಡೆದೆ. ಅದೇ ಒಂದು ಸುಳ್ಳನ್ನು ಆಡಲಾರದೆ ಅವರು ನಿನ್ನನ್ನು ಕಳೆದುಕೊಂಡರು. ಇಷ್ಟು ತಿಳಿದಿದೆ.

ಆ ಹಳೆಯ ಅಯ್ಯನವರು ಈಗಿಲ್ಲ. ಹೊಸಬರಿಗೆ ಎಲ್ಲವನ್ನೂ ಹೇಳಿದ್ದೇನೆ. ಬರುವ ರವಿವಾರ ಸಭೆಯ ಮುಂದೆ ನಿಂತು ಹೇಳುತ್ತೇನೆ. ಅಂದು ನೀನು ನನ್ನ ಪಕ್ಕದಲ್ಲಿ ಕೂರಬೇಕಾಗಿಲ್ಲ. ಈ ಮನೆಯಲ್ಲಿಯೂ ಇರಬೇಕಾಗಿಲ್ಲ. ಬಸಪ್ಪನವರು ಬೆಂಗೇರಿಯಲ್ಲೇ ಇದ್ದಾರೆ, ನಿನ್ನನ್ನು ಕಂಡರೆ ಗುರುತು ಹಿಡಿಯುತ್ತಾರೆ — ಮುಖವೆಲ್ಲ ನಿನ್ನ ತಂದೆಯದೇ. ನಿನ್ನ ತಂದೆ ಎಂಥವರಿದ್ದರೆಂದು ಅವರನ್ನು ಕೇಳು. ನಾನು ಹೇಳಿದ್ದನ್ನು ಇನ್ನು ನೀನು ನಂಬಬೇಕಾಗಿಲ್ಲ.