ಇಸ್ತ್ರಿಯವನು ಒತ್ತಿದ ಮೂವತ್ತು ಮುದ್ರೆ

ಯಾರ ಬಟ್ಟೆ ಯಾವುದೆಂದು ಇಸ್ತ್ರಿಯವನು ಎಂದೂ ಬರೆದಿಟ್ಟವನಲ್ಲ. ಕಾಲರಿನ ಒಳಗೆ ದಾರದ ಗಂಟು ಹಾಕುತ್ತಿದ್ದ: ಡಾಕ್ಟರಿಗೆ ಕೆಂಪು, ದರ್ಜಿಯ ಅತ್ತೆಗೆ ಹಳದಿ. ಬೀದಿಯವರು ಅದನ್ನು ಜಾಣತನವೆಂದು ಹೊಗಳುತ್ತಿದ್ದರು. ಅವನಿಗೆ ಅಕ್ಷರವೇ ಬಾರದೆಂಬುದು ಹೆಂಡತಿಗೆ ಮಾತ್ರ ಗೊತ್ತಿತ್ತು. ಐವತ್ತು ದಾಟಿದ ಮೇಲೆ ಅದನ್ನು ಬಾಯಿಬಿಟ್ಟು ಹೇಳುವುದೆಂದರೆ ಅವನಿಗೆ ಜೀವ ಹೋದಂತಾಗುತ್ತಿತ್ತು.

ಶಾಲೆಯ ಮಕ್ಕಳಿಗೆ ಓದಿನ ರುಚಿ ಹತ್ತಿಸಲು ಬೀದಿಯ ಅಂಗಡಿಯವರೆಲ್ಲ ಸೇರಿ ಒಂದು ಏರ್ಪಾಟು ಮಾಡಿದರು. ಮಗು ಯಾವುದಾದರೂ ಅಂಗಡಿಯಲ್ಲಿ ನಿಂತು ಒಂದು ಪುಟ ಗಟ್ಟಿಯಾಗಿ ಓದಬೇಕು, ಅಂಗಡಿಯವರು ಅದರ ಕಾರ್ಡಿಗೆ ಮುದ್ರೆ ಒತ್ತಬೇಕು. ಮೂವತ್ತು ಮುದ್ರೆಯಾದರೆ ಹೊಸ ಚೀಲ ಬಹುಮಾನ. ಇವನು ಎಲ್ಲರಿಗಿಂತ ಮೊದಲು ತಲೆಯಾಡಿಸಿದ. ಒಲ್ಲೆ ಎಂದರೆ ಯಾಕೆಂದು ಕೇಳುತ್ತಾರಲ್ಲ!

ದಿನವೂ ಬರುತ್ತಿದ್ದವಳು ಮೂರನೇ ತರಗತಿಯ ಹುಡುಗಿ. ಸಣ್ಣ ಜೀವ, ಇವನು ಗುಬ್ಬಿ ಎನ್ನುತ್ತಿದ್ದ. ಪುಸ್ತಕ ಬಿಡಿಸಿ ನಿಂತಳೆಂದರೆ ಮಾತನಾಡುವ ಬಾವಿ, ಮುನಿಸಿಕೊಂಡ ಕುದುರೆ, ಒಂದೇ ಎರಡೇ! ಕೇಳುತ್ತ ಮೈಮರೆತು ಇವನು ಒಂದು ಅಂಗಿಯ ತೋಳನ್ನೇ ಸುಟ್ಟ. ಮೂವತ್ತು ಮುದ್ರೆಯೂ ಇವನದೇ.

ಬಹುಮಾನದ ದಿನ ಅಂಗಡಿಯವರೂ ಸೇರಿದ್ದ ಶಾಲೆಯ ಅಂಗಳದಲ್ಲಿ ಚೀಲ ಕೊಟ್ಟ ಟೀಚರ್, ಒಂದು ಸಾಲು ಓದು ಎಂದು ಪುಸ್ತಕ ಹಿಡಿದರು. ಗುಬ್ಬಿ ಅದೇ ಕುದುರೆಯ ಕಥೆ ಶುರುಮಾಡಿದಳು. ಆ ಪುಟದಲ್ಲಿ ಕುದುರೆಯೇ ಇರಲಿಲ್ಲ. ಮಕ್ಕಳು ಬಿದ್ದು ಬಿದ್ದು ನಕ್ಕರು.

"ಮುದ್ರೆ ಹಾಕಿದ್ದು ಯಾರು?" ಎಂದರು ಟೀಚರ್.

ಎಲ್ಲರ ಕಣ್ಣೂ ಇಸ್ತ್ರಿಯವನ ಮೇಲೆ. ಅವನು ಹುಡುಗಿಯ ಕಡೆ ಬೆರಳು ತೋರಿಸಿದ.

"ಕಳ್ಳಿ ಮೇಡಂ ಇವ್ಳು! ನನ್ನ ಕಣ್ಣಿಗೇ ಮಣ್ಣು ಹಾಕಿದ್ಲು."

ಚೀಲ ವಾಪಸ್ಸು ಹೋಯಿತು. ಅವನ ಗುಟ್ಟು ಉಳಿಯಿತು. ಮನೆಗೆ ಬಂದು ಹೆಂಡತಿಯ ಮುಖ ನೋಡಲಾಗದೆ ಗೋಡೆಯ ಕಡೆ ತಿರುಗಿ ಊಟ ಮಾಡಿದ. ತನ್ನ ಮೇಲೆ ತನಗೇ ಹೇಸಿಗೆಯಾಗುತ್ತಿತ್ತು.

ಮರುದಿನ ಹುಡುಗಿ ಅಂಗಡಿಯ ಮುಂದೆ ನಿಂತಿದ್ದಳು.

"ನಂಗೆ ಓದಕ್ಕೆ ಬರಲ್ಲ ಅಂತ ನಿಮ್ಗೆ ಗೊತ್ತು ಅಂದ್ಕೊಂಡಿದ್ದೆ ಮಾಮ. ಒಂದಿನ ಪುಸ್ತಕ ಉಲ್ಟಾ ಹಿಡ್ಕೊಂಡಿದ್ದೆ, ನೀವು ನಕ್ಕು ಮುದ್ರೆ ಹಾಕಿದ್ರಿ. ಕಥೆ ಇಷ್ಟ ಆಯ್ತು ಅಂತ ಹಾಕ್ತೀರ ಅಂದ್ಕೊಂಡೆ."

ಅವನು ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟ. ಅವಳ ಕೈ ಹಿಡಿದು ನೇರವಾಗಿ ತರಗತಿಗೆ ನಡೆದ. ನಲವತ್ತು ಮಕ್ಕಳ ಎದುರು ನಿಂತ.

"ಮೇಡಂ, ತಪ್ಪು ನಂದು. ನಂಗೆ ಓದಕ್ಕೇ ಬರಲ್ಲ. ಇವ್ಳು ಏನ್ ಓದಿದ್ರೂ ನಂಗೆ ಒಂದೇ."

ಎದೆಯ ಭಾರ ಇಳಿಯಿತೆಂದು ಅವನು ಉಸಿರು ಬಿಡುವಷ್ಟರಲ್ಲಿ ಹುಡುಗಿ ಮೆಲ್ಲನೆ ಕೈ ಬಿಡಿಸಿಕೊಂಡಳು.

"ಹಂಗಾದ್ರೆ ನಿನ್ನೆ ನನ್ನನ್ನ ಯಾಕೆ ಕಳ್ಳಿ ಅಂದ್ರಿ?"